ನಾಲ್ಕು ಬಾಗಿಲಿನ ಹಳೆಯ ಕಾರು: ಕೊಳ್ಳುವ ಮುನ್ನ ಹಿಂಬಾಗಿಲು ತೆರೆದು ನೋಡಿ

ನಾಲ್ಕು ಬಾಗಿಲಿನ ಹಳೆಯ ಕಾರಿಗೆ ದುಡ್ಡು ಹಾಕಬಹುದೇ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ಓಡಿಸುವುದಕ್ಕೋ, ಮಾರುವುದಕ್ಕೋ? ಮಾರುವುದಕ್ಕಾದರೆ ಬೇಡವೇ ಬೇಡ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೂರ ಹೋಗಿಬರುವ ಆಸೆಯಿದ್ದರೆ ಖಂಡಿತ ಹಾಕಬಹುದು. ಆದರೆ ಕಾರನ್ನು ಆರಿಸುವಾಗ ಎರಡು ಬಾಗಿಲಿನದಕ್ಕಿಂತ ಹೆಚ್ಚು ಹಟ ಹಿಡಿಯಬೇಕು. ನಾನು ತಗಡಿನ ಕೆಲಸದವನು. ಎಂಜಿನ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಬಾಗಿಲು, ಬಾಗಿಲುಗಳ ನಡುವಿನ ಕಂಬ ಮತ್ತು ತುಕ್ಕಿನದೇ.

ಮೊದಲು ಲೆಕ್ಕಾಚಾರ ಮುಗಿಸಿಬಿಡೋಣ. 1955ರಿಂದ 1957ರವರೆಗಿನ ಷೆವರ್ಲೆಯನ್ನೇ ತೆಗೆದುಕೊಳ್ಳಿ. ಎರಡು ಬಾಗಿಲಿನ ಬೆಲ್ ಏರ್ ಹಾರ್ಡ್‌ಟಾಪ್‌ಗೂ (ಪಕ್ಕದ ಗಾಜುಗಳ ನಡುವೆ ಕಂಬವಿಲ್ಲದ ಮಾದರಿ) ನಾಲ್ಕು ಬಾಗಿಲಿನ ಸೆಡಾನ್‌ಗೂ ಚಕ್ರಾಂತರ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಒಂದೇ, 115 ಇಂಚು. 1955ರಲ್ಲಿ ಬಂದ 265 ಘನ ಇಂಚಿನ ವಿ8 ಎಂಜಿನ್ ಎರಡಕ್ಕೂ ಸಿಗುತ್ತಿತ್ತು. ಬೆನ್ನ ಹಿಂದೆ ಎಷ್ಟು ಬಾಗಿಲಿವೆ ಎಂದು ಎಂಜಿನ್ ಎಣಿಸುವುದಿಲ್ಲ. ಎಣಿಸುವುದು ಕೊಳ್ಳುವವರು. ಎರಡು ಬಾಗಿಲಿನದು ಹುಡುಗರ ಕಾರು, ನಾಲ್ಕು ಬಾಗಿಲಿನದು ಅಪ್ಪನ ಕಾರು ಎಂಬ ಭಾವನೆ ಆ ಕಾಲದಲ್ಲೇ ಹುಟ್ಟಿ ಇವತ್ತಿಗೂ ಬೆಲೆಯಲ್ಲಿ ಕೂತಿದೆ. ಹಾಗಾಗಿ ಕೊಳ್ಳುವಾಗ ಅಗ್ಗ. ಕೆಲಸಕ್ಕೆ ಇಳಿದ ಮೇಲೆ ಮಾತ್ರ ಅಗ್ಗವಲ್ಲ. ಬಣ್ಣ, ಕ್ರೋಮ್, ಎಂಜಿನ್, ಸೀಟಿನ ಹೊದಿಕೆ ಎಲ್ಲಕ್ಕೂ ಅಷ್ಟೇ ಖರ್ಚು. ಅದರ ಮೇಲೆ ಇನ್ನೆರಡು ಬಾಗಿಲು, ನಾಲ್ಕು ಕೀಲು, ಎರಡು ಬೀಗ, ಎರಡು ಗಾಜು ಏರಿಸುವ ಯಂತ್ರ, ಎರಡು ಸುತ್ತು ರಬ್ಬರ್ ಬೀಡಿಂಗ್. ಮುಗಿದ ಮೇಲೆ ಮಾರಲು ನಿಲ್ಲಿಸಿದರೆ ಮತ್ತೆ ಅದೇ ಅಗ್ಗದ ಬೆಲೆ. ಕೊಳ್ಳುವಾಗ ಉಳಿದ ದುಡ್ಡನ್ನು ಇನ್ನೂ ಒಳ್ಳೆಯ ಸ್ಥಿತಿಯ ಕಾರು ಹುಡುಕಲು ಬಳಸಿ. ತುಕ್ಕು ಹಿಡಿದದ್ದನ್ನು ರಿಪೇರಿ ಮಾಡಲು ಬಳಸಬೇಡಿ. ಈ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈ ಲೆಕ್ಕ ಎಲ್ಲ ಕಾರುಗಳಿಗೂ ಅನ್ವಯಿಸುವುದಿಲ್ಲ. ಜಾಗ್ವಾರ್ ಮಾರ್ಕ್ 2 ಹುಟ್ಟಿದ್ದೇ ನಾಲ್ಕು ಬಾಗಿಲಿನೊಂದಿಗೆ. ಅದಕ್ಕೆ ಎರಡು ಬಾಗಿಲಿನ ಅಣ್ಣನಿಲ್ಲ, ಹೋಲಿಸಿ ಕೀಳು ಮಾಡುವವರೂ ಇಲ್ಲ. 1961ರ ಲಿಂಕನ್ ಕಾಂಟಿನೆಂಟಲ್ ಕೂಡ ಹಾಗೆಯೇ. ಹಿಂಬಾಗಿಲು ಹಿಂದಿನ ಕೀಲಿನ ಮೇಲೆ ತೆರೆದುಕೊಳ್ಳುವುದೇ ಅದರ ಅಂದ. 1967ರವರೆಗೆ ಅದರ ಮಡಚುವ ಛಾವಣಿಯ ಮಾದರಿಗೂ ನಾಲ್ಕು ಬಾಗಿಲಿದ್ದವು. 1968ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಇಎಲ್ 6.3 ಗಂಭೀರ ಮುಖದ ದೊಡ್ಡ ಸೆಡಾನ್, ಆದರೆ ಒಳಗಿದ್ದದ್ದು 6.3 ಲೀಟರ್‌ನ ವಿ8. 1957ರ ರ‍್ಯಾಂಬ್ಲರ್ ರೆಬೆಲ್ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್ ಆಗಿ ಮಾತ್ರ ಬಂತು, ತಯಾರಾದದ್ದು 1,500. 255 ಅಶ್ವಶಕ್ತಿಯ ಆ ಕಾರನ್ನು ಅಪ್ಪನ ಕಾರು ಎಂದು ಯಾರೂ ಹೀಗಳೆಯಲಾರರು. ಇಂಥವು ಸಿಕ್ಕರೆ ಮೇಲಿನ ಲೆಕ್ಕವನ್ನು ಪಕ್ಕಕ್ಕಿಟ್ಟು ಮುಂದಿನ ಪರೀಕ್ಷೆಗೆ ಬನ್ನಿ.

ಹಿಂದಿನಿಂದ ಮುಂದಕ್ಕೆ ನೋಡುತ್ತ ಬನ್ನಿ

ಕಾರು ನೋಡಲು ಹೋದವರು ಬಾನೆಟ್ ಎತ್ತುತ್ತಾರೆ. ನಾಲ್ಕು ಬಾಗಿಲಿನ ಕಾರಿಗೆ ಇದು ತಲೆಕೆಳಗಾದ ಕ್ರಮ. ಬಾನೆಟ್, ಗ್ರಿಲ್, ಮುಂದಿನ ಮಡ್‌ಗಾರ್ಡ್, ಬಂಪರ್, ಡ್ಯಾಶ್‌ಬೋರ್ಡ್ ಇವೆಲ್ಲ ಸಾಮಾನ್ಯವಾಗಿ ಎರಡು ಬಾಗಿಲಿನ ಮಾದರಿಯದ್ದೇ ಆಗಿರುತ್ತವೆ. ಜನಪ್ರಿಯ ಮಾದರಿಯಾದರೆ ಅವನ್ನು ಹೊಸದಾಗಿ ಅಚ್ಚು ಹಾಕಿ ಮಾರುವವರೂ ಇರುತ್ತಾರೆ. ತೊಂದರೆ ಶುರುವಾಗುವುದು ಮುಂಗಾಜಿನ ಹಿಂದೆ. ಹಿಂಬಾಗಿಲಿನ ಹೊರತಗಡು, ಅದರ ಗಾಜು, ಗಾಜಿನ ಸುತ್ತಲಿನ ಹೊಳೆಯುವ ಪಟ್ಟಿ, ಹಿಂಬದಿಯ ಪಕ್ಕದ ತಗಡು, ಇವುಗಳನ್ನು ಹೊಸದಾಗಿ ತಯಾರಿಸುವವರು ತೀರಾ ವಿರಳ. ವರ್ಷಗಟ್ಟಲೆ ಜನ ನಾಲ್ಕು ಬಾಗಿಲಿನ ಕಾರುಗಳನ್ನು ಎರಡು ಬಾಗಿಲಿನವುಗಳಿಗೆ ಬಿಡಿಭಾಗ ಒದಗಿಸಲೆಂದೇ ಕತ್ತರಿಸಿ ಹಾಕಿದರು. ಬೇಕಾದದ್ದನ್ನು ಕಿತ್ತುಕೊಂಡು ಉಳಿದ ಮೈಯನ್ನು, ಅಂದರೆ ನಿಮಗೆ ಇವತ್ತು ಬೇಕಾದ ಹಿಂಬಾಗಿಲನ್ನೂ ಸೇರಿಸಿ, ಗುಜರಿಗೆ ಕಳಿಸಿದರು.

‘ಎರಡು ಬಾಗಿಲಿನದ್ದನ್ನೇ ತಂದು ಹಾಕಿದರಾಯಿತು’ ಎನ್ನುವವರು ಅಳತೆಪಟ್ಟಿ ಹಿಡಿಯಲಿ. 1968ರಿಂದ 1972ರ ಷೆವರ್ಲೆ ಷೆವೆಲ್‌ನಲ್ಲಿ ಎರಡು ಬಾಗಿಲಿನದಕ್ಕೆ ಚಕ್ರಾಂತರ 112 ಇಂಚು, ನಾಲ್ಕು ಬಾಗಿಲಿನದಕ್ಕೆ 116. ಷಾಸಿಯೇ (ಮೈಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ ಎಂದ ಮೇಲೆ ಪಕ್ಕದ ತಗಡು ಹೇಗೆ ಕೂರುತ್ತದೆ? ಅದೇ 1968ರ ಷೆವರ್ಲೆ ನೋವಾದಲ್ಲಿ ಎರಡಕ್ಕೂ 111 ಇಂಚು. ಚಕ್ರಾಂತರ ಒಂದೇ ಆದರೂ ಛಾವಣಿಯ ಎತ್ತರ ಮತ್ತು ಮುಂಗಾಜಿನ ಆಕಾರ ಬೇರೆಯಾಗಿರುವ ಮಾದರಿಗಳಿವೆ. ನಿಮ್ಮ ಮಾದರಿಯ ಬಿಡಿಭಾಗದ ಕೈಪಿಡಿಯಲ್ಲಿ ಭಾಗದ ಸಂಖ್ಯೆಗಳನ್ನು ಹೋಲಿಸಿ ನೋಡಿದ ಮೇಲೆ ಮಾತ್ರ ಚೌಕಾಸಿಗೆ ಇಳಿಯಿರಿ.

ನಾನು ನೋಡುವ ಕ್ರಮ ಹೀಗೆ. ಹಿಂಬಾಗಿಲನ್ನು ಅರ್ಧ ತೆರೆದು, ಹಿಡಿಯ ಹತ್ತಿರ ಎರಡೂ ಕೈ ಕೊಟ್ಟು ಮೆಲ್ಲಗೆ ಮೇಲಕ್ಕೆತ್ತುತ್ತೇನೆ. ಕಣ್ಣು ಬಾಗಿಲಿನ ಮೇಲಿರಬಾರದು, ಕೀಲಿನ ಮೇಲಿರಬೇಕು. ಕೀಲಿನ ಪಿನ್ ಸವೆದು ಆಡುತ್ತಿದ್ದರೆ ಚಿಂತೆಯಿಲ್ಲ, ಪಿನ್ನೂ ಬುಶ್ಶೂ ಬದಲಾಯಿಸಬಹುದು. ಕೀಲು ಆಡದೆ, ಅದು ಕೂತಿರುವ ನಡುಗಂಬದ ತಗಡೇ ಬಾಗಿಲಿನೊಂದಿಗೆ ಉಸಿರಾಡುತ್ತಿದ್ದರೆ ಕಂಬದ ಬುಡ ಕೊಳೆತಿದೆ ಎಂದು ಅರ್ಥ. ಮುಂದಿನ ಬಾಗಿಲಿನ ಬೀಗವನ್ನು ಹಿಡಿಯುವುದು ಇದೇ ಕಂಬ, ಹಿಂಬಾಗಿಲಿನ ಭಾರವನ್ನು ಹೊರುವುದೂ ಇದೇ. ಆಮೇಲೆ ನೆಲದ ಹಾಸನ್ನು ಎತ್ತಿ, ಕಂಬ ಸಿಲ್‌ಗೆ, ಅಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ತೊಲೆಗೆ, ಕೂಡುವಲ್ಲಿ ಸ್ಕ್ರೂಡ್ರೈವರ್‌ನ ಹಿಡಿಯಿಂದ ಬಡಿದು ನೋಡುತ್ತೇನೆ. ಗಟ್ಟಿ ತಗಡು ಟಣ್ ಎನ್ನುತ್ತದೆ. ಪುಟ್ಟಿ ತುಂಬಿದ್ದು ಮಂಕಾಗಿ ದಬ್ ಎನ್ನುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಹಿಂಬಾಗಿಲನ್ನು ಅಪರೂಪಕ್ಕೆ ತೆರೆಯುವುದರಿಂದ ಒಳಗೆ ಎಲೆ, ಧೂಳು ಸೇರಿ ತೂತು ಕಟ್ಟಿಕೊಂಡು ತಗಡು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಅಂಚನ್ನು ಬೆರಳಿನಿಂದ ತಡವಿದರೆ ಗುಳ್ಳೆ ಸಿಕ್ಕಿಬಿಡುತ್ತದೆ.

ಗಾಜಿನ ವಿಷಯದಲ್ಲಿ ಒಂದು ಭೇದ ತಿಳಿದಿರಬೇಕು. ಚಪ್ಪಟೆಯಾದ ಪಕ್ಕದ ಗಾಜಿರುವ ಹಳೆಯ ಕಾರಿನಲ್ಲಿ ಹಿಂಬಾಗಿಲಿನ ಗಾಜು ಒಡೆದಿದ್ದರೆ, ಕಾಗದದ ಮಾದರಿ ತೆಗೆದು ಲ್ಯಾಮಿನೇಟೆಡ್ ಗಾಜನ್ನು (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು) ಕತ್ತರಿಸಿ ಹಾಕಿಸಬಹುದು. 1960ರ ದಶಕದಲ್ಲಿ ಬಾಗಿದ ಗಾಜು ವ್ಯಾಪಕವಾಗಿ ಬಂತು. ಅದು ಟೆಂಪರ್ ಮಾಡಿದ್ದು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಡುಸು ಮಾಡಿದ್ದು. ಒಮ್ಮೆ ಟೆಂಪರ್ ಆದ ಗಾಜನ್ನು ಕತ್ತರಿಸಲು ಬರುವುದಿಲ್ಲ, ಇಡಿಯಾಗಿ ಪುಡಿಯಾಗುತ್ತದೆ. ಹಿಂಬಾಗಿಲಿನ ಬಾಗಿದ ಗಾಜು ಕಾಣೆಯಾಗಿರುವ ಕಾರನ್ನು, ಗಾಜು ಎಲ್ಲಿ ಸಿಗುತ್ತದೆ ಎಂದು ಗೊತ್ತಾಗುವ ತನಕ ಕೊಳ್ಳಬೇಡಿ. ಬೀಡಿಂಗ್ ವಿಷಯ ಇಷ್ಟು ಕಷ್ಟದ್ದಲ್ಲ. ಉದ್ದಕ್ಕೆ ಸಿಗುವ ರಬ್ಬರ್‌ನಲ್ಲಿ ಹೊಂದುವ ಆಕಾರದ್ದನ್ನು ಹುಡುಕಿಕೊಳ್ಳಬಹುದು, ಮೂಲೆಗಳಿಗೆ ಮಾತ್ರ ತಾಳ್ಮೆ ಬೇಕು.

ಸೆಡಾನೋ, ನಾಲ್ಕು ಬಾಗಿಲಿನ ಹಾರ್ಡ್‌ಟಾಪೋ? 1955ರ ನಡುವಿನಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೈಲ್ ಮೊದಲು ಇಳಿಸಿದ ಈ ನಡುಗಂಬವಿಲ್ಲದ ಮಾದರಿ ನೋಡಲು ಬಲು ಚೆಂದ. ಗಾಜುಗಳನ್ನೆಲ್ಲ ಇಳಿಸಿದರೆ ಪಕ್ಕ ಪೂರ್ತಿ ಬಯಲು. ಅದಕ್ಕೇ ಬೆಲೆಯೂ ತುಸು ಹೆಚ್ಚು. ಆದರೆ ಗಾಜಿಗೆ ಗಾಜೇ ತಾಗಿ ಮುಚ್ಚಬೇಕಾದ್ದರಿಂದ ಮಳೆನೀರನ್ನೂ ಗಾಳಿಯ ಸದ್ದನ್ನೂ ತಡೆಯುವುದು ತಲೆನೋವಿನ ಕೆಲಸ. ಭುಜದ ಸೀಟ್‌ಬೆಲ್ಟ್‌ಗೆ ಮೇಲುಗಡೆ ಆಧಾರವೂ ಇರುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರಿಗೆ ನಾನು ಕಂಬವಿರುವ ಸಾದಾ ಸೆಡಾನನ್ನೇ ಹೇಳುತ್ತೇನೆ.

ಬಾಗಿಲು ಕೂರಿಸುವ ಕ್ರಮ

ಸಿಲ್ ಕೊಳೆತಿದ್ದರೆ ಕತ್ತರಿಸುವ ಮುನ್ನ ಬಾಗಿಲಿನ ಕಂಡಿಗಳಿಗೆ ಅಡ್ಡಕ್ಕೂ ಕರ್ಣಕ್ಕೂ ಚೌಕ ಪೈಪು ಬೆಸೆಯಿರಿ, ಎಡಬಲದ ಕಂಬಗಳ ನಡುವೆಯೂ ಒಂದನ್ನು ಹಾಕಿ. ಕಂಡಿಗಳ ಕರ್ಣದ ಅಳತೆಯನ್ನು ಪೈಪಿನ ಮೇಲೆಯೇ ಬರೆದಿಡಿ. ಒಂದು ಪಕ್ಕ ಪೂರ್ತಿ ಮುಗಿಯುವ ತನಕ ಇನ್ನೊಂದು ಪಕ್ಕವನ್ನು ಮುಟ್ಟಬಾರದು. ನಾಲ್ಕು ಬಾಗಿಲಿನ ಕಾರಿನಲ್ಲಿ ನಡುಗಂಬ ನಿಂತಿರುವುದೇ ಸಿಲ್‌ನ ಮೇಲೆ. ಆಧಾರ ತೆಗೆದರೆ ಅದು ಕೆಲವೇ ಮಿಲಿಮೀಟರ್ ಕುಸಿದರೂ ಎರಡು ಬಾಗಿಲುಗಳು ಒಟ್ಟಿಗೆ ಹಾಳಾಗುತ್ತವೆ. ಈ ಹಂತದಲ್ಲಿ ಆತುರ ತೋರಿದ ಕಾರುಗಳನ್ನು ದೂರದಿಂದಲೇ ಗುರುತಿಸಬಹುದು: ಹಿಂಬಾಗಿಲಿನ ಮೇಲಿನ ಸಂದು ಮುಂದೆ ಕಿರಿದು, ಹಿಂದೆ ಅಗಲ.

ಬಾಗಿಲು ಹೊಂದಿಸುವಾಗ ಕಾರು ತನ್ನ ಚಕ್ರಗಳ ಮೇಲೆ, ತನ್ನ ಭಾರದಲ್ಲೇ ನಿಂತಿರಬೇಕು. ಜಾಕ್ ಮೇಲೆ ಹೊಂದಿಸಿದ್ದು ಇಳಿಸಿದಾಗ ಉಳಿಯುವುದಿಲ್ಲ. ಹಿಂಬದಿಯ ಪಕ್ಕದ ತಗಡು ಬೆಸೆದದ್ದು, ಅಲುಗದು. ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಮೊದಲು ಹಿಂಬಾಗಿಲನ್ನು ಅದಕ್ಕೆ ಹೊಂದಿಸಿ, ಆಮೇಲೆ ಮುಂಬಾಗಿಲನ್ನು ಹಿಂಬಾಗಿಲಿಗೆ, ಕೊನೆಗೆ ಮಡ್‌ಗಾರ್ಡನ್ನು ಮುಂಬಾಗಿಲಿಗೆ. ಬೀಗ ಕಚ್ಚುವ ಕೊಂಡಿಯನ್ನು ಕಳಚಿಟ್ಟೇ ಕೆಲಸ ಶುರುಮಾಡಿ. ಇಲ್ಲದಿದ್ದರೆ ಕೊಂಡಿಯೇ ಬಾಗಿಲನ್ನು ಎತ್ತಿ ಹಿಡಿದು, ಕೀಲು ಸರಿಯಿದೆ ಎಂದು ನಿಮ್ಮನ್ನು ನಂಬಿಸುತ್ತದೆ. ಸಂದು ನಾಲ್ಕೈದು ಮಿಲಿಮೀಟರ್ ಇದ್ದು ಉದ್ದಕ್ಕೂ ಒಂದೇ ಸಮ ಬಂದರೆ ಸಾಕು. ಹೊಸ ಬೀಡಿಂಗ್ ಹಾಕಿ ಮತ್ತೊಮ್ಮೆ ಮುಚ್ಚಿ ನೋಡಿದ ಮೇಲೆಯೇ ಬಣ್ಣ. ಹೊಸ ರಬ್ಬರ್ ಗಡುಸಾಗಿದ್ದು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಬಣ್ಣ ಆದಮೇಲೆ ಇದು ಗೊತ್ತಾದರೆ ಅಳುವುದೊಂದೇ ದಾರಿ.

ಮಾರ್ಪಾಡು ಎಷ್ಟು, ಎಲ್ಲಿ

ನಾಲ್ಕು ಬಾಗಿಲನ್ನು ಎರಡು ಮಾಡುವ ಆಸೆ ಕೆಲವರಿಗೆ ಹುಟ್ಟುತ್ತದೆ. ಬೇಡ. ಮುಂಬಾಗಿಲು ಉದ್ದವಾಗಬೇಕು, ನಡುಗಂಬ ಹಿಂದೆ ಸರಿಯಬೇಕು, ಛಾವಣಿ ಬದಲಾಗಬೇಕು. ಷಾಸಿಯಿಲ್ಲದೆ ಮೈಯೇ ಚೌಕಟ್ಟಾಗಿರುವ ಕಾರಿನಲ್ಲಿ ಕಂಬ ಕೀಳುವುದೆಂದರೆ ಅದರ ಬೆನ್ನುಮೂಳೆಗೇ ಕೈ ಹಾಕಿದಂತೆ. ಇಷ್ಟು ದುಡ್ಡಿಗೆ ಎರಡು ಬಾಗಿಲಿನ ಕಾರನ್ನೇ ಕೊಳ್ಳಬಹುದಲ್ಲ.

ಈ ಕಾರುಗಳ ಒಂದು ದೊಡ್ಡ ಅನುಕೂಲವನ್ನು ಯಾರೂ ಹೇಳುವುದಿಲ್ಲ: ಬೆಲೆಯ ಭಯವಿಲ್ಲದೆ ಮಾರ್ಪಾಡು ಮಾಡಬಹುದು. ಮೂಲ ಸ್ಥಿತಿಯ ಎರಡು ಬಾಗಿಲಿನ ಹಾರ್ಡ್‌ಟಾಪ್‌ಗೆ ಒಂದು ತೂತು ಕೊರೆದರೂ ಬೆಲೆ ಇಳಿಯುತ್ತದೆ. ಸಾದಾ ಸೆಡಾನ್‌ನಲ್ಲಿ ಕಳೆದುಕೊಳ್ಳಲು ಅಷ್ಟೇನೂ ಇಲ್ಲ. ಹಾಗಾಗಿ ಮೊದಲ ಖರ್ಚು ಬ್ರೇಕಿಗಿರಲಿ. 1967ಕ್ಕಿಂತ ಹಿಂದಿನ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಬ್ರೇಕ್ ದ್ರವಕ್ಕೆ ಒಂದೇ ಮಾರ್ಗ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಎರಡು ಮಾರ್ಗದ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಭಾಗ) ಹಾಕಿಸಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಡಿಸಿ. ಆಮೇಲೆ ಹೊಸ ವೈರಿಂಗ್, ಹಿಂದಿನ ಸೀಟಿಗೂ ಬೆಲ್ಟ್. ಬೆಲ್ಟ್‌ನ ಬೋಲ್ಟ್ ಬರುವಲ್ಲಿ ತೆಳು ತಗಡಿನ ಕೆಳಗೆ ಉಕ್ಕಿನ ತಟ್ಟೆ ಕೊಡದಿದ್ದರೆ ಅದು ಬರೀ ಅಲಂಕಾರ. ಎಂಜಿನ್ ಬದಲಾವಣೆ ಇಷ್ಟವಿದ್ದರೆ ಮಾಡಿ. ನಿಮ್ಮ ದೇಶದ ನೋಂದಣಿ ನಿಯಮ ಏನೆನ್ನುತ್ತದೆ ಎಂದು ಮೊದಲು ನೋಡಿಕೊಳ್ಳಿ.

ನಾಲ್ಕು ಬಾಗಿಲಿನ ಕಾರಿಗೆ ಒಪ್ಪುವುದು ಉದ್ದ. ಒಂದೇ ಗಾಢ ಬಣ್ಣ, ನಡುಗಂಬದ ಹೊರಮೈಗೆ ಕಪ್ಪು ಹಾಕಿದರೆ ಗಾಜಿನ ಸಾಲು ಮುಂದಿನಿಂದ ಹಿಂದಕ್ಕೆ ಕಡಿಯದೆ ಓಡುತ್ತದೆ. ಪಕ್ಕದ ಕ್ರೋಮ್ ಪಟ್ಟಿಗಳನ್ನು ತೆಗೆಯುವ ಫ್ಯಾಷನ್ ನನಗೆ ಹಿಡಿಸುವುದಿಲ್ಲ, ಆ ಉದ್ದವನ್ನು ಹಿಡಿದಿಡುವುದೇ ಅವು. 1994ರಿಂದ 1996ರವರೆಗೆ ಬಂದ ಷೆವರ್ಲೆ ಇಂಪಾಲಾ ಎಸ್‌ಎಸ್ ಅನ್ನು ನೋಡಿ. ಟ್ಯಾಕ್ಸಿಗೂ ಪೊಲೀಸರಿಗೂ ಹೋಗುತ್ತಿದ್ದ ಕಪ್ರೀಸ್ ಸೆಡಾನನ್ನು ತುಸು ತಗ್ಗಿಸಿ, ಗಾಢ ಬಣ್ಣ ಬಳಿದು, 17 ಇಂಚಿನ ಚಕ್ರ ಹಾಕಿದರು. ನಾಲ್ಕು ಬಾಗಿಲಿದ್ದೂ ಜನ ಮುಗಿಬಿದ್ದು ಕೊಂಡರು. ನೀವೂ ತಗ್ಗಿಸುವುದಾದರೆ ಖಾಲಿ ಕಾರಿನಲ್ಲಿ ಅಳೆಯಬೇಡಿ. ನಾಲ್ವರು ಕೂತರೆ ಸುಮಾರು 300 ಕೆ.ಜಿ. ಸೇರುತ್ತದೆ. ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನಿಟ್ಟು, ಹಿಂದಿನ ಟೈರು ಮಡ್‌ಗಾರ್ಡಿನ ಅಂಚಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಿದ ಮೇಲೆ ಸ್ಪ್ರಿಂಗ್ ಆರಿಸಿ.

ಕೆಲವು ಕಾರುಗಳನ್ನು ಬಿಟ್ಟು ಬರಲೇಬೇಕು. ಎರಡೂ ನಡುಗಂಬಗಳ ಬುಡ ಕೊಳೆತು, ಛಾವಣಿಯ ಅಂಚೂ ತುಕ್ಕು ತಿಂದು, ಷಾಸಿ ಹಿಂದಿನ ಆಕ್ಸಲ್‌ನ ಮೇಲೆ ಪದರ ಪದರವಾಗಿ ಬಿಚ್ಚಿಕೊಂಡಿದ್ದರೆ ಆ ಕಾರಿಗೆ ಎಷ್ಟು ಬಾಗಿಲಿದ್ದರೂ ಒಂದೇ. ಆದರೆ ಬರಿಗೈಯಲ್ಲಿ ಹಿಂದಿರುಗಬೇಡಿ. ಅದರ ಹಿಂಬಾಗಿಲುಗಳು ನೆಟ್ಟಗಿದ್ದರೆ ಗಾಜು, ಬೀಗ, ಕೀಲು, ಹೊಳೆಯುವ ಪಟ್ಟಿ ಸಮೇತ ಅವನ್ನಷ್ಟೇ ಬೆಲೆ ಮಾತಾಡಿ ತನ್ನಿ. ಗಾಜನ್ನು ನೆಟ್ಟಗೆ ನಿಲ್ಲಿಸಿಡಿ, ತಗಡಿನ ಒಳಗೆ ಎಣ್ಣೆ ಹಚ್ಚಿಡಿ, ಕೀಲಿನ ಬೋಲ್ಟ್‌ಗಳನ್ನು ಯಾವ ಬಾಗಿಲಿನವು ಎಂದು ಚೀಟಿ ಕಟ್ಟಿ ಬೇರೆ ಬೇರೆ ಚೀಲದಲ್ಲಿಡಿ.