ಕ್ರೇನಿಯೋಸೇಕ್ರಲ್ ಥೆರಪಿ: ಕೈ ಎಲ್ಲಿಡಬೇಕು, ಎಷ್ಟು ಭಾರ ಬಿಡಬೇಕು

ಕ್ರೇನಿಯೋಸೇಕ್ರಲ್ ಥೆರಪಿಯಲ್ಲಿ ಒತ್ತುವುದಿಲ್ಲ, ತಿಕ್ಕುವುದಿಲ್ಲ, ಎಣ್ಣೆಯೂ ಬೇಡ. ಮಲಗಿದವರ ತಲೆಗೂ ತ್ರಿಕಾಸ್ಥಿಗೂ (ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆ) ಕೈಯಿಟ್ಟು ಸುಮ್ಮನಿರುವುದೇ ಕೆಲಸ. ಹಾಗಾಗಿ ಕೈ ಯಾವ ಮೂಳೆಯ ಮೇಲಿದೆ ಎಂಬುದನ್ನೇ ಮೊದಲು ಕಲಿಯಬೇಕು.

ತಲೆಬುರುಡೆಯಲ್ಲಿ 22 ಮೂಳೆಗಳಿವೆ: ಮಿದುಳನ್ನು ಸುತ್ತುವರಿದವು 8, ಮುಖದವು 14. ನಿಮ್ಮ ತಲೆಯ ಮೇಲೇ ಹುಡುಕಿ ನೋಡಿ. ಹುಬ್ಬಿನಿಂದ ಮೇಲಕ್ಕೆ ಫ್ರಾಂಟಲ್. ನೆತ್ತಿಯ ಎಡಬಲಕ್ಕೆ ಪರೈಟಲ್ ಜೋಡಿ. ಕಿವಿಯ ಸುತ್ತ ಟೆಂಪೊರಲ್. ಕಿವಿಯ ಹಿಂದಿನ ಗಟ್ಟಿ ಉಬ್ಬು, ಮಾಸ್ಟಾಯ್ಡ್, ಇದರದೇ ಭಾಗ. ಹಿಂದಲೆಯ ನಡುವಿನ ಗುಬುಟು ಆಕ್ಸಿಪಿಟಲ್‌ನದು. ಎತ್ಮಾಯ್ಡ್ ಮೂಗಿನ ಬುಡದ ಒಳಗಿದೆ, ಕೈಗೆ ಸಿಗದು.

ಎಲ್ಲರೂ ತಡವರಿಸುವುದು ಸ್ಫೀನಾಯ್ಡ್‌ನಲ್ಲಿ. ಅದು ಕಣ್ಣುಗಳ ಹಿಂದೆ, ಬುರುಡೆಯ ತಳದಲ್ಲಿ ಅಡ್ಡಲಾಗಿ ಕೂತಿದೆ. ಹೊರಗೆ ಸಿಗುವುದು ಅದರ ದೊಡ್ಡ ರೆಕ್ಕೆಯ ತುದಿ ಮಾತ್ರ, ಕಣ್ಣಿನ ಹೊರಮೂಲೆಯಿಂದ ಸುಮಾರು ಒಂದು ಹೆಬ್ಬೆರಳಗಲ ಹಿಂದೆ, ಕಣತಲೆಯ ತಗ್ಗಿನಲ್ಲಿ. ಅದೂ ನೇರವಾಗಿ ಅಲ್ಲ: ಅಲ್ಲಿ ಬೆರಳಿಟ್ಟು ಹಲ್ಲು ಕಚ್ಚಿದರೆ ಉಬ್ಬುವುದು ಟೆಂಪೊರಾಲಿಸ್ ಸ್ನಾಯು. ಇದೇ ಜಾಗದ ಹತ್ತಿರ ನಾಲ್ಕು ಮೂಳೆಗಳು ಕೂಡುವ ಟೆರಿಯನ್ ಇದೆ. ಬುರುಡೆ ಅಲ್ಲಿ ತೆಳು, ಒಳಗೆ ಮಿಡಲ್ ಮೆನಿಂಜಿಯಲ್ ರಕ್ತನಾಳ ಹಾದುಹೋಗುತ್ತದೆ. ಕಣತಲೆಗೆ ಬಲ ಹಾಕಲೇಬಾರದು.

ಬುರುಡೆಯ ಒಳಗೋಡೆಗೆ ಡ್ಯೂರಾ ಎಂಬ ಗಟ್ಟಿ ಪೊರೆ ಅಂಟಿಕೊಂಡಿದೆ. ಬುರುಡೆಯ ತಳದ ದೊಡ್ಡ ರಂಧ್ರದ ಅಂಚನ್ನು ಬಿಗಿಯಾಗಿ ಹಿಡಿದು, ಕತ್ತಿನ 2 ಮತ್ತು 3ನೇ ಕಶೇರುಕಗಳಿಗೆ ಸೇರಿ, ಬೆನ್ನುಹುರಿಯ ಸುತ್ತ ಕೊಳವೆಯಾಗಿ ಇಳಿದು, ತ್ರಿಕಾಸ್ಥಿಯ 2ನೇ ಭಾಗದಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ. ತಲೆಯ ಜೊತೆ ತ್ರಿಕಾಸ್ಥಿಗೂ ಕೈಯಿಡುವುದು ಇದೇ ಕಾರಣಕ್ಕೆ. ಪೊರೆಗಳ ಒಳಗೆ ಮಿದುಳು-ಬೆನ್ನುಹುರಿ ದ್ರವ ಒಂದು ಹೊತ್ತಿಗೆ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಾಗುತ್ತದೆ.

ಇಷ್ಟಕ್ಕೆ ಯಾರದೂ ತಕರಾರಿಲ್ಲ. ತಕರಾರು ಮುಂದಿನದಕ್ಕೆ. ಬುರುಡೆಯ ಮೂಳೆಗಳ ಓರೆ ಅಂಚುಗಳನ್ನು ನೋಡಿ, ಇವು ಚಲಿಸಲೆಂದೇ ಹೀಗಿವೆ ಎಂದವರು ಅಮೆರಿಕದ ಆಸ್ಟಿಯೋಪತಿ (ಮೂಳೆ, ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ) ವೈದ್ಯ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್. ಅದನ್ನು ಇಂದಿನ ಥೆರಪಿಯ ರೂಪಕ್ಕೆ ತಂದವರು ಜಾನ್ ಅಪ್ಲೆಡ್ಜರ್. ಮಿದುಳು-ಬೆನ್ನುಹುರಿ ದ್ರವ ನಿಮಿಷಕ್ಕೆ 6ರಿಂದ 12 ಬಾರಿ ತುಂಬಿ ಇಳಿಯುವ ಲಯವೊಂದಿದೆ ಎಂದು ಈ ಪದ್ಧತಿ ಹೇಳುತ್ತದೆ. ಆದರೆ ವಯಸ್ಕರ ಬುರುಡೆಯ ಹೊಲಿಗೆಗಳು, ಅಂದರೆ ಮೂಳೆಗಳು ಕೂಡುವ ಗೆರೆಗಳು, ಗರಗಸದ ಹಲ್ಲಿನಂತೆ ಸಿಕ್ಕಿಕೊಂಡು ಕ್ರಮೇಣ ಬೆಸೆಯುತ್ತವೆ. ಸ್ಫೀನಾಯ್ಡ್-ಆಕ್ಸಿಪಿಟಲ್ ಸಂಧಿಯಂತೂ ಹದಿಹರೆಯ ಮುಗಿಯುವಷ್ಟರಲ್ಲಿ ಒಂದೇ ಮೂಳೆ. ಒಬ್ಬರದೇ ತಲೆಯ ಲಯವನ್ನು ಇಬ್ಬರು ಎಣಿಸಿದಾಗ ಲೆಕ್ಕ ತಾಳೆಯಾಗಿಲ್ಲ. ಆದ್ದರಿಂದ ಇದನ್ನು ವಿಶ್ರಾಂತಿ ಕೊಡುವ ಸ್ಪರ್ಶವೆಂದು ಮಾಡಿ. ಕಾಯಿಲೆ ವಾಸಿಯಾಗುತ್ತದೆಂದು ಮಾತು ಕೊಡಬೇಡಿ.

ಸ್ಪರ್ಶದ ಭಾರ 5 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬೆರಳ ತುದಿಯಿಟ್ಟು, 5 ತೋರಿಸುವಂತೆ ಒಂದು ನಿಮಿಷ ಹಿಡಿಯಿರಿ. ಹಗುರವಾಗಿಯೇ ಇಟ್ಟಿದ್ದೇನೆ ಎಂದುಕೊಂಡ ಬೆರಳು 40, 50 ತೋರಿಸುವುದು ಮಾಮೂಲು. ಕಣ್ಣು ಮುಚ್ಚಿಯೂ ಅಂಕಿ ಏರದಂತಾಗುವವರೆಗೆ ತಲೆಗೆ ಕೈ ಹಾಕಬೇಡಿ.

ಮೊದಲು ತ್ರಿಕಾಸ್ಥಿ. ಅಂಗಾತ ಮಲಗಿಸಿ, ಮೊಣಕಾಲಡಿ ದಿಂಬು ಕೊಡಿ. ಪಕ್ಕದಲ್ಲಿ ಕೂತು, ಅವರು ಸೊಂಟ ಎತ್ತಿದಾಗ ಅಂಗೈ ಮೇಲಾಗಿ, ಬೆರಳು ತಲೆಯ ಕಡೆಗಿರುವಂತೆ ಕೈ ಒಳಗೆ ಸರಿಸಿ. ಸೊಂಟದ ಹಿಂದೆ ಎರಡು ಗುಳಿಗಳಿರುತ್ತವಲ್ಲ, ಅವನ್ನು ಸೇರಿಸುವ ಗೆರೆಯೇ ತ್ರಿಕಾಸ್ಥಿಯ 2ನೇ ಭಾಗ. ಬೆರಳ ತುದಿಗಳು ಅಲ್ಲಿಗೆ ಬರಲಿ. ಇಲ್ಲಿ ಅವರ ಭಾರವೇ ಕೈಮೇಲೆ ಬೀಳುವುದರಿಂದ 5 ಗ್ರಾಂ ಲೆಕ್ಕ ನಡೆಯದು, ನೀವಾಗಿ ಮೇಲಕ್ಕೆ ಎತ್ತದಿದ್ದರೆ ಸಾಕು. ಐದು ನಿಮಿಷ.

ಆಮೇಲೆ ತಲೆ. ತಲೆಯ ಹಿಂದೆ ಕೂತು ಎರಡೂ ಮೊಣಕೈ ಮಂಚದ ಮೇಲೆ ಊರಿ. ತೋರುಬೆರಳು ಕಣತಲೆಯ ತಗ್ಗಿಗೆ, ನಡುಬೆರಳು ಕಿವಿಯ ಮುಂದೆ, ಉಂಗುರಬೆರಳು ಕಿವಿಯ ಹಿಂದೆ, ಕಿರುಬೆರಳು ಹಿಂದಲೆಗೆ. ಹೆಬ್ಬೆರಳುಗಳು ನೆತ್ತಿಗಿಂತ ತುಸು ಮೇಲೆ ಒಂದಕ್ಕೊಂದು ತಾಗಿರಲಿ, ತಲೆಗೆ ತಾಗದಿರಲಿ. ಮೂರರಿಂದ ಐದು ನಿಮಿಷ.

ಕೆಡುವುದು ಎರಡು ಕಡೆ. ಮೊಣಕೈಗೆ ಆಸರೆ ಇಲ್ಲದಿದ್ದರೆ ಎರಡೇ ನಿಮಿಷಕ್ಕೆ ಭುಜ ಸೋತು, ತೋಳಿನ ಭಾರವೆಲ್ಲ ಬೆರಳಿಗೆ ಇಳಿಯುತ್ತದೆ. ಇನ್ನೊಂದು, ನಡುಬೆರಳಿನಡಿ ಏನೋ ಮಿಡಿದ ಕೂಡಲೇ ಲಯ ಸಿಕ್ಕಿತೆಂದು ಹಿಗ್ಗುವುದು. ಕಿವಿಯ ಮುಂದೆ ರಕ್ತನಾಳವೊಂದು ಹಾದಿದೆ. ನಿಮಿಷಕ್ಕೆ 60ರಿಂದ 100 ಮಿಡಿದರೆ ಅದು ನಾಡಿ, 12ರಿಂದ 20 ಸಲ ಏರಿಳಿದರೆ ಉಸಿರು. ಏನೂ ಸಿಗದಿದ್ದರೆ ಸಿಕ್ಕಿಲ್ಲ ಎಂದೇ ಬರೆದಿಡಿ.

ತಲೆಗೆ ಈಚೆಗೆ ಪೆಟ್ಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವ ಅಥವಾ ಅನ್ಯೂರಿಸಮ್ (ರಕ್ತನಾಳದ ಗೋಡೆ ಉಬ್ಬಿರುವುದು) ಇರುವವರು, ಬುರುಡೆಯೊಳಗೆ ಒತ್ತಡ ಹೆಚ್ಚಿರುವವರು, ಬೆನ್ನಿನಿಂದ ಈಗಷ್ಟೇ ದ್ರವ ತೆಗೆಸಿಕೊಂಡವರಿಗೆ ಇದು ಬೇಡ. ನೆತ್ತಿ ಕೂಡದ ಮಗುವಿನ ತಲೆಯನ್ನಂತೂ ಮುಟ್ಟಬೇಡಿ. ಮುಂದಿನ ನೆತ್ತಿ ಕೂಡಲು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಬೇಕು. ಅಳದೆ ಇರುವಾಗಲೂ ಅದು ಉಬ್ಬಿಕೊಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.