ಬ್ರಷ್ ಕಟರ್ ರಿಪೇರಿಗೆ ಎಷ್ಟಾಗುತ್ತದೆ? ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಿ

ಹುಲ್ಲು ಹೊಡೆಯುವ ಪೆಟ್ರೋಲ್ ಮಿಷಿನ್ ಕೆಟ್ಟು ನಿಂತರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನೇರ ಅಂಗಡಿಗೆ ಹೊತ್ತುಕೊಂಡು ಹೋಗಿ "ಎಷ್ಟಾಗುತ್ತೆ?" ಅಂತ ಕೇಳುವುದು. ಬಿಚ್ಚಿ ನೋಡದೆ ಹೇಳಕ್ಕಾಗಲ್ಲ ಅಂತಾರೆ ಅವರು. ಅದೇನು ಸುಳ್ಳಲ್ಲ. ಆದರೆ ಒಮ್ಮೆ ಬಿಚ್ಚಿ ಹರಡಿದ ಮೇಲೆ ಚೌಕಾಸಿಗೆ ಜಾಗ ಇರುವುದಿಲ್ಲ, ಅಲ್ವಾ? ಅದಕ್ಕೇ ಮನೆಯಲ್ಲೇ ಒಂದು ಅಂದಾಜು ಮಾಡಿಕೊಂಡು ಹೋಗುವುದು ಒಳ್ಳೆಯದು. ಪೆಟ್ರೋಲ್ ಲಾನ್ ಮೋವರ್‌ಗೂ ಇದೇ ದಾರಿ. ನಮ್ಮ ಅಡಿಕೆ ತೋಟಗಳಲ್ಲಿ ಓಡುವುದು ಬ್ರಷ್ ಕಟರ್ ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಇಂಜಿನ್ ಯಾವುದು ಅಂತ ಗೊತ್ತಾಗಬೇಕು. ಹೊರಗಿನ ಸ್ಟಿಕ್ಕರ್ ಮೇಲಿನ ಕಂಪನಿ ಹೆಸರಿನಿಂದ ಜಾಸ್ತಿ ಉಪಯೋಗವಿಲ್ಲ, ಯಾಕೆಂದರೆ ಒಂದೇ ಚೀನಾ ಇಂಜಿನ್ ಹತ್ತಾರು ಹೆಸರಿನಲ್ಲಿ ಬರುತ್ತದೆ. ಇಂಜಿನ್ ಮೇಲಿನ ಕೋಡ್ ನೋಡಿ. 1ಇ44ಎಫ್ ಅಂತಿದ್ದರೆ ಒಂದು ಸಿಲಿಂಡರ್, ಟೂ ಸ್ಟ್ರೋಕ್, 44 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ). ಅಂಗಡಿಯವರು 52 ಸಿಸಿ ಅನ್ನುವುದು ಇದಕ್ಕೇ. 1ಇ40ಎಫ್ ಅಂದರೆ 40 ಮಿ.ಮೀ. ಬೋರ್, 43 ಸಿಸಿ. 139ಎಫ್ ಅಂದರೆ 39 ಮಿ.ಮೀ. ಬೋರಿನ ಫೋರ್ ಸ್ಟ್ರೋಕ್. ಹೋಂಡಾ ಜಿಎಕ್ಸ್35 ಆದರೆ 35.8 ಸಿಸಿ, ಅದರ ಹೆಸರು ಇಂಜಿನ್ ಮೇಲೇ ಇರುತ್ತದೆ. ಈ ಕೋಡ್ ಹೇಳಿ ಬೆಲೆ ಕೇಳಿದರೆ ಫೋನಿನಲ್ಲೇ ಉತ್ತರ ಸಿಗುತ್ತದೆ. ಬರೀ "ಬ್ರಷ್ ಕಟರ್ ಪಿಸ್ಟನ್ ಎಷ್ಟು" ಅಂತ ಕೇಳಿದರೆ ಬಾಯಿಗೆ ಬಂದ ಬೆಲೆ ಬರುತ್ತದೆ.

ಕೆಳಗೆ ಬ್ಲೇಡ್ ತಿರುಗಿಸುವ ಗೇರ್ ಹೆಡ್ ಬದಲಿಸುವುದಿದ್ದರೆ ಇನ್ನೆರಡು ಅಳತೆ ಬೇಕು. ಉದ್ದನೆಯ ಪೈಪ್ 26 ಮಿ.ಮೀ. ದಪ್ಪವೋ 28 ಮಿ.ಮೀ. ದಪ್ಪವೋ ನೋಡಿ. ಆಮೇಲೆ ಒಳಗಿನ ಶಾಫ್ಟ್ ತುದಿಯ ಹಲ್ಲು ಎಣಿಸಿ. ಸಾಮಾನ್ಯವಾಗಿ 7 ಅಥವಾ 9 ಇರುತ್ತವೆ. ಗೇರ್ ಹೆಡ್ಡಿನ ಬೋಲ್ಟ್ ಸಡಿಲಿಸಿ ಎಳೆದರೆ ಶಾಫ್ಟ್ ಕಾಣುತ್ತದೆ, ಗ್ರೀಸ್ ಒರೆಸಿ ಫೋಟೋ ತೆಗೆದಿಟ್ಟುಕೊಳ್ಳಿ. ಇದನ್ನು ನೋಡದೆ ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಖರ್ಚೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಈಗ ರೋಗ ಎಲ್ಲಿದೆ ಅಂತ ಹುಡುಕಬೇಕು, ಖರ್ಚು ನಿಂತಿರುವುದು ಅದರ ಮೇಲೇ. ಸ್ಟಾರ್ಟೇ ಆಗದಿದ್ದರೆ ಪ್ಲಗ್ ಬಿಚ್ಚಿ, ಕ್ಯಾಪ್ ಹಾಕಿ, ಪ್ಲಗ್ಗಿನ ಮೈಯನ್ನು ಇಂಜಿನ್ ಲೋಹಕ್ಕೆ ತಾಗಿಸಿ, ಸ್ವಿಚ್ ಆನ್ ಇಟ್ಟು ಹಗ್ಗ ಎಳೆಯಿರಿ. ಸುತ್ತಮುತ್ತ ಪೆಟ್ರೋಲ್ ಚೆಲ್ಲಿರಬಾರದು. ಕಿಡಿ ಬರದಿದ್ದರೆ ತಕ್ಷಣ ಕಿಡಿ ಹುಟ್ಟಿಸುವ ಕಾಯಿಲ್ ಹೋಯಿತು ಅಂತ ಬರೆಯಬೇಡಿ. ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಹ್ಯಾಂಡಲ್‌ನ ಸ್ವಿಚ್ಚಿಗೆ ಹೋಗುವ ವಯರ್ ಕಳಚಿ ನೋಡಿ. ಆ ವಯರ್ ಎಲ್ಲೋ ಉಜ್ಜಿ ಇಂಜಿನ್ ಲೋಹಕ್ಕೆ ತಾಗಿದ್ದರೂ ಕಿಡಿ ಬರುವುದಿಲ್ಲ, ಅದಕ್ಕೆ ಬೇಕಾದದ್ದು ಒಂದು ತುಂಡು ಟೇಪ್. ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಕಡೆ ನೋಡಿ. ಟ್ಯಾಂಕಿನೊಳಗಿನ ಪೈಪ್ ಒಡೆದಿರಬಹುದು, ಫಿಲ್ಟರ್ ಕಟ್ಟಿರಬಹುದು, ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟು ಕಾರ್ಬೊರೇಟರಿನ ಡಯಾಫ್ರಾಂ (ಒಳಗಿನ ತೆಳು ಹಾಳೆ) ಗಟ್ಟಿಯಾಗಿರಬಹುದು. ಇಂಜಿನ್ ಜೋರಾಗಿ ಓಡುತ್ತದೆ, ಬ್ಲೇಡ್ ಹುಲ್ಲಿಗೆ ತಾಗಿದ ಕೂಡಲೇ ನಿಲ್ಲುತ್ತದೆ ಅಂದರೆ ಹೆಚ್ಚಾಗಿ ಕ್ಲಚ್ ಸವೆದಿರುತ್ತದೆ. ಇವೆಲ್ಲ ಸಣ್ಣ ಖರ್ಚಿನ ಬಾಬತ್ತು. ಮಿಷಿನ್ ಎಷ್ಟೇ ಹಳೆಯದಾಗಿರಲಿ, ಮಾಡಿಸಿ.

ದುಡ್ಡು ನುಂಗುವುದು ಇಂಜಿನ್ನಿನ ಹೊಟ್ಟೆ. ಹಗ್ಗವನ್ನು ನಿಧಾನಕ್ಕೆ ಎಳೆದಾಗ ಸುತ್ತಿಗೊಮ್ಮೆ (ಫೋರ್ ಸ್ಟ್ರೋಕ್ ಆದರೆ ಎರಡು ಸುತ್ತಿಗೊಮ್ಮೆ) ಗಟ್ಟಿ ತಡೆ ಸಿಗಬೇಕು. ನೂಲಿನ ಉಂಡೆ ಬಿಚ್ಚಿದ ಹಾಗೆ ಸಲೀಸಾಗಿ ಬಂದರೆ ಕಂಪ್ರೆಶನ್ ಇಲ್ಲ ಅಂತ ಅರ್ಥ. ಟೂ ಸ್ಟ್ರೋಕ್ ಆದರೆ ಸೈಲೆನ್ಸರ್ ಬಿಚ್ಚಿ ಆ ತೂತಿಗೆ ಟಾರ್ಚ್ ಹಿಡಿಯಿರಿ. ಪಿಸ್ಟನ್ ಕಾಣುತ್ತದೆ. ಅದರ ಮೈ ನುಣ್ಣಗಿದ್ದರೆ ಸರಿ, ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಯಾರೋ ಆಯಿಲ್ ಹಾಕದೆ ಅಥವಾ ಕಡಿಮೆ ಹಾಕಿ ಓಡಿಸಿದ್ದಾರೆ. 25:1 ಅಂತ ಬರೆದಿರುವ ಮಿಷಿನ್‌ಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೇಕು. ಬಾಡಿಗೆಗೆ ಕೊಟ್ಟ ಮಿಷಿನ್‌ಗಳು ಸಾಯುವುದು ಬಹುಪಾಲು ಹೀಗೇ ಅನ್ನುವುದು ನನ್ನ ಅನುಮಾನ.

ಬೆಲೆ ಕೇಳುವಾಗ ಒಂದು ವಿಷಯ ನೆನಪಿರಲಿ. ಪ್ರತಿ ಭಾಗಕ್ಕೂ ಒರಿಜಿನಲ್ ಬೆಲೆ ಬೇರೆ, ಡೂಪ್ಲಿಕೇಟ್ ಬೆಲೆ ಬೇರೆ, ಪೂರ್ತಿ ಸೆಟ್ ಬೆಲೆ ಬೇರೆ, ಬಿಡಿ ಬೆಲೆ ಬೇರೆ. ಗೇರ್ ಹೆಡ್ಡಿನಲ್ಲಿ ಬರೀ ಬೇರಿಂಗ್ ಹೋಗಿದ್ದರೆ ಅದರ ಮೇಲಿನ ನಂಬರ್ ತೋರಿಸಿ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ. ಸ್ಟಾರ್ಟರ್ ಹಗ್ಗ ತುಂಡಾಗಿದ್ದಕ್ಕೆ ಪೂರ್ತಿ ಸ್ಟಾರ್ಟರ್ ಯಾಕೆ ಬೇಕು? ಕಾರ್ಬೊರೇಟರ್ ವಿಷಯದಲ್ಲಿ ಮಾತ್ರ ಉಲ್ಟಾ. ಚೀನಾ ಇಂಜಿನ್ ಆದರೆ ಸುಮ್ನೆ ಹೊಸದೇ ಹಾಕಿಸಿ. ತೊಳೆದು ಕಿಟ್ ಹಾಕುವ ಕೂಲಿ ಸೇರಿಸಿದರೆ ಎರಡೂ ಹತ್ತಿರ ಹತ್ತಿರ ಬರುತ್ತದೆ. ಪಿಸ್ಟನ್, ರಿಂಗ್‌ಗೆ ಅಗ್ಗದ ಮಾಲು ಹಾಕಿಸಬೇಡಿ, ಅದನ್ನು ಬಿಚ್ಚಿ ಮತ್ತೆ ಹಾಕುವ ಕೂಲಿಯೇ ಜಾಸ್ತಿ.

ಒಂದು ಲೆಕ್ಕ ನೋಡೋಣ. ಇಲ್ಲಿನ ಬೆಲೆಗಳು ಉದಾಹರಣೆಗೆ ಮಾತ್ರ, ನೀವು ನಿಮ್ಮೂರಿನದ್ದು ಹಾಕಿಕೊಳ್ಳಿ. 52 ಸಿಸಿ ಮಿಷಿನ್, ಅಂಥದ್ದೇ ಹೊಸದಕ್ಕೆ ಇವತ್ತು 9,000 ರೂಪಾಯಿ ಅಂದುಕೊಳ್ಳಿ. ಬ್ಲಾಕ್ (ಸಿಲಿಂಡರ್) ಪಿಸ್ಟನ್ ಸೆಟ್ 1,400, ಗ್ಯಾಸ್ಕೆಟ್ ಮತ್ತು ಆಯಿಲ್ ಸೀಲ್ 200, ಕ್ಲಚ್ 350, ಕಾರ್ಬೊರೇಟರ್ 600, ಪ್ಲಗ್ 120, ಕೂಲಿ 1,000. ಒಟ್ಟು 3,670. ಬಿಚ್ಚಿದ ಮೇಲೆ ಇನ್ನೇನೋ ಒಂದು ಹೊರಡುವುದು ಇದ್ದದ್ದೇ, ಅದಕ್ಕೆ ಶೇ 15 ಸೇರಿಸಿದರೆ ಸುಮಾರು 4,220. ಹೊಸದರ ಅರ್ಧಕ್ಕಿಂತ ಕಡಿಮೆ, ಮಾಡಿಸಬಹುದು. ಆದರೆ ಕ್ಲಚ್ ಬಿಚ್ಚಿ ಕ್ರ್ಯಾಂಕ್ (ಪಿಸ್ಟನ್ನಿನಿಂದ ತಿರುಗುವ ಶಾಫ್ಟ್) ತುದಿ ಹಿಡಿದು ಅಲ್ಲಾಡಿಸಿದಾಗ ಮೇಲೆ ಕೆಳಗೆ ಆಡಿತೋ, ಬೇರಿಂಗ್ ಸಮೇತ ಕ್ರ್ಯಾಂಕಿಗೆ ಇನ್ನೊಂದು 1,300 ಬೀಳುತ್ತದೆ. ಶೇ 15 ಸೇರಿಸಿ 5,715 ರೂಪಾಯಿ ಆಯಿತು, ಹೊಸದರ ಅರ್ಧ ದಾಟಿತು. ಇಲ್ಲಿಗೆ ನಾನಾದರೆ ನಿಲ್ಲಿಸುತ್ತೇನೆ. ಜಿಎಕ್ಸ್35 ಥರದ ದುಬಾರಿ ಇಂಜಿನ್ ಆದರೆ ಹೊಸದರ ಬೆಲೆಯೂ ಎಷ್ಟೋ ಪಟ್ಟು ಜಾಸ್ತಿ ಇರುವುದರಿಂದ ಇನ್ನೂ ಸ್ವಲ್ಪ ಮುಂದೆ ಹೋಗಬಹುದು.

ಹೊಸದರ ಬೆಲೆ ಬರೆಯುವಾಗ ಸಬ್ಸಿಡಿ ಮರೆಯಬೇಡಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ ಇದೆ. ನಿಮಗೆ ಬೇಕಾದ ಮಿಷಿನ್ ಆ ವರ್ಷದ ಪಟ್ಟಿಯಲ್ಲಿದೆಯಾ, ಅನುದಾನ ಉಳಿದಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸಬ್ಸಿಡಿ ಸಿಗುವುದಾದರೆ 4,220ರ ರಿಪೇರಿಯೂ ಬೇಡ ಅನ್ನಿಸಬಹುದು.

ಹಾಗೆ ಕೈಬಿಟ್ಟ ಮಿಷಿನ್ನನ್ನು ಗುಜರಿಗೆ ಹಾಕಬೇಡಿ, ಅವರು ಕೊಡುವುದು ತೂಕದ ಬೆಲೆ. ಕಾಯಿಲ್, ಸ್ಟಾರ್ಟರ್, ಗೇರ್ ಹೆಡ್, ಬ್ಲೇಡ್ ಕಳಚಿ, ಒರೆಸಿ, ಇಂಜಿನ್ ಕೋಡ್ ಬರೆದ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಬ್ಲೇಡಿನ ನಟ್ ಉಲ್ಟಾ ತ್ರೆಡ್ಡಿನದ್ದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.