ಹೊಸಬರಿಗೆ ಮಾರ್ಗದರ್ಶಿ: ಮನೆ ಹತ್ತಿರದ ಸೋಬಾ ಅಂಗಡಿಯಲ್ಲಿ ಊಟ

ಟೋಕಿಯೋದ ನಿಶಿ-ಕಸಾಯಿಗೆ ಬಂದಿಳಿದ ನಮ್ಮವರು ಹೊರಗೆ ಊಟ ಅಂದರೆ ಮೊದಲು ಇಂಡಿಯನ್ ಹೋಟೆಲಿಗೇ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಂದು ವರ್ಷವಾದರೂ ಬೀದಿ ತಿರುವಿನ ಸೋಬಾ (ಬಕ್‌ವೀಟ್ ಹಿಟ್ಟಿನ ಜಪಾನಿ ಶಾವಿಗೆ) ಅಂಗಡಿಯೊಳಗೆ ಒಮ್ಮೆಯೂ ಕಾಲಿಡದ ಮನೆಗಳಿವೆ. ಕೇಳಿದರೆ, "ಏನು ಹೇಳಬೇಕೋ ಗೊತ್ತಾಗಲ್ಲ, ಹಿಂದೆ ಜನ ಕಾಯ್ತಿರ್ತಾರೆ" ಅನ್ನುತ್ತಾರೆ. ಈ ಮಾತು ಪದೇ ಪದೇ ಕೇಳಿದ್ದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಹೊತ್ತು ನೋಡಿಕೊಳ್ಳಿ. 12ರಿಂದ 1ರವರೆಗೆ ಆಫೀಸಿನವರ ಊಟದ ಸಮಯ. ಆಗ ಕುಟುಂಬ ಸಮೇತ ಹೋಗಬೇಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಇಲ್ಲವೇ 1:15ರ ಮೇಲೆ ಹೋಗಿ. ತೀರಾ ತಡವಾದರೂ ಕಷ್ಟ, ಮಧ್ಯಾಹ್ನದ ಮೇಲೆ ಸಂಜೆಯವರೆಗೆ ಮುಚ್ಚುವ ಅಂಗಡಿಗಳು ಜಾಸ್ತಿ. ಬಾಗಿಲಿಗೆ ನೋರೆನ್ ಎಂಬ ಬಟ್ಟೆಯ ಪರದೆ ತೂಗುಹಾಕಿದ್ದರೆ ಅಂಗಡಿ ತೆರೆದಿದೆ ಅಂತ ಅರ್ಥ.

ಒಳಗೆ ಹೋದ ತಕ್ಷಣ "ಇರಾಶ್ಶಾಯಿಮಾಸೆ", ಅಂದರೆ ಬನ್ನಿ ಬನ್ನಿ ಅಂತ ಕೂಗುತ್ತಾರೆ. ಅದಕ್ಕೆ ಉತ್ತರ ಬೇಕಿಲ್ಲ, ಸುಮ್ನೆ ನಕ್ಕರೆ ಸಾಕು. ಎಷ್ಟು ಜನ ಅಂತ ಕೇಳಿದಾಗ ಬೆರಳು ತೋರಿಸಿ. ಖಾಲಿ ಕುರ್ಚಿ ಕಂಡಿತು ಅಂತ ನೀವೇ ಹೋಗಿ ಕೂರಬೇಡಿ. ಬಾಗಿಲ ಹತ್ತಿರ ಹೆಸರು ಬರೆಯುವ ಹಾಳೆ ಇದ್ದರೆ ಹೆಸರು, ಎಷ್ಟು ಜನ ಅನ್ನುವುದನ್ನು ಬರೆದು ಹತ್ತಿರದಲ್ಲೇ ನಿಲ್ಲಿ. ಹೆಸರನ್ನು ಕತಾಕಾನಾ ಎಂಬ ಜಪಾನಿ ಲಿಪಿಯಲ್ಲಿ ಬರೆಯಲು ಕಲಿತಿರಿ, ಕರೆಯುವವರಿಗೆ ಓದಲು ಸುಲಭ. ಕೆಲವು ಕಡೆ ಬಾಗಿಲಲ್ಲೇ ಟಿಕೆಟ್ ಮಶೀನು ಇರುತ್ತದೆ. ದುಡ್ಡು ಹಾಕಿ, ಗುಂಡಿ ಒತ್ತಿ, ಚೀಟಿಯನ್ನು ಒಳಗಿನವರ ಕೈಗೆ ಕೊಡಬೇಕು.

ಇನ್ನು ಸಸ್ಯಾಹಾರದ ವಿಷಯ. ನಮ್ಮವರಿಗೆ ನಿಜವಾದ ತೊಡಕು ಇರುವುದು ಇಲ್ಲೇ.

ನಾವು ಬಂದ ಹೊಸದರಲ್ಲಿ ಊರಿಂದ ಬಂದ ಅತ್ತೆ ಮಾವನವರನ್ನೂ ಕರೆದುಕೊಂಡು ಆರು ಜನ ಒಂದು ಅಂಗಡಿಗೆ ಹೋದೆವು. ಸಮಯ ಸರಿಯಾಗಿ 12:15. "ಬೆಜಿತೇರಿಯನ್" ಅಂದೆ. ಬಡಿಸುವಾಕೆ ತಲೆಯಾಡಿಸಿ ತರಕಾರಿ ಸೋಬಾ ತೋರಿಸಿದರು. ಅನುಮಾನ ಬಂದು ಮತ್ತೆ ಮತ್ತೆ ಕೇಳಿದೆ. ಅಷ್ಟು ಗಡಿಬಿಡಿಯಲ್ಲೂ ಅವರು ಒಳಗೆ ಹೋಗಿ ಅಂಗೈಯಲ್ಲಿ ಏನನ್ನೋ ತಂದು ತೋರಿಸಿದರು. ಬಡಗಿ ಮರ ಹೆರೆದಾಗ ಉದುರುವ ಸಿಪ್ಪೆಯ ಹಾಗೆ ತೆಳ್ಳಗೆ, ತಿಳಿ ಗುಲಾಬಿ ಬಣ್ಣ, ಹೊಗೆಯ ವಾಸನೆ. ಅದು ಕಾತ್ಸುಓಬುಶಿ, ಹೊಗೆಯಲ್ಲಿ ಒಣಗಿಸಿ ಹೆರೆದ ಮೀನು. ಅತ್ತೆಯವರು ಅನ್ನ, ಸೊಪ್ಪಿನ ಉಪ್ಪಿನಕಾಯಿ ತಿಂದು ಎದ್ದರು. ಆಕೆಯ ತಪ್ಪು ಏನೂ ಇರಲಿಲ್ಲ. ಕೇಳುವ ರೀತಿ ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಕಟ್ಟಿನ ಸಾರಿಗೆ ಬೇಳೆ ಕಟ್ಟು ಹೇಗೋ, ಇಲ್ಲಿನ ಅಡುಗೆಗೆ ದಾಶಿ ಹಾಗೆ. ಹೆಚ್ಚಾಗಿ ಆ ಮೀನಿನ ಚೂರಿನಿಂದ ಇಳಿಸಿದ ತಿಳಿ ರಸ ಅದು. ಸೋಬಾದ ಬಿಸಿ ಸಾರು, ತಣ್ಣನೆ ಸೋಬಾ ಅದ್ದಿಕೊಳ್ಳುವ ತ್ಸುಯು, ಮಿಸೋ ಸೂಪು, ತೆಂಪುರಾ ಅದ್ದುವ ನೀರು, ಎಲ್ಲದರಲ್ಲೂ ಸಾಮಾನ್ಯವಾಗಿ ಈ ಮೀನಿನ ದಾಶಿ ಇರುತ್ತದೆ. ತೆಂಪುರಾ ನಮ್ಮ ಬಜ್ಜಿಯ ಹಾಗೇ ಕಂಡರೂ ಸಿಗಡಿ ಕರಿದ ಎಣ್ಣೆಯಲ್ಲೇ ತರಕಾರಿಯನ್ನೂ ಕರಿಯುವುದು ಮಾಮೂಲು. ಸಾರಿಂದ ಮೀನು ತೆಗೆದುಕೊಡಿ ಅಂದರೆ ಆಗದ ಮಾತು, ಅದನ್ನು ಬೆಳಗ್ಗೆಯೇ ಕುದಿಸಿಟ್ಟಿರುತ್ತಾರೆ.

ಹಾಗಾದರೆ ಏನು ತಿನ್ನಬಹುದು? ಮೋರಿ ಸೋಬಾ ತರಿಸಿ. ಬಿದಿರ ತಟ್ಟೆಯ ಮೇಲೆ ಬರುವ ತಣ್ಣನೆ ಸೋಬಾ ಅದು. ಜೊತೆಗೆ ಬರುವ ತ್ಸುಯು ಬಿಟ್ಟು ಉಪ್ಪು ಕೇಳಿ: "ಶಿಓ ಒನೆಗಾಯಿಶಿಮಾಸ್". ಉಪ್ಪು ಮುಟ್ಟಿಸಿ ತಿನ್ನುವುದು ಇಲ್ಲಿಯವರಿಗೂ ಗೊತ್ತಿರುವ ಪದ್ಧತಿಯೇ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ತಣ್ಣನೆ ತೋಫು ಹಿಯಾಯಕ್ಕೋ ಒಳ್ಳೆಯದು, ಆದರೆ ಮೇಲೆ ಆ ಮೀನಿನ ಚೂರು ಉದುರಿಸುತ್ತಾರೆ. "ಕಾತ್ಸುಓಬುಶಿ ನುಕಿ ದೆ" ಅಂದರೆ ಅದಿಲ್ಲದೆ ಕೊಡುತ್ತಾರೆ. ಎದಮಾಮೆ (ಬೇಯಿಸಿದ ಹಸಿ ಸೋಯಾ ಕಾಯಿ), ಬರೀ ಅನ್ನ, ಸೂಶಿ ಇರುವ ಕಡೆ ಸೌತೆಕಾಯಿಯ ಕಪ್ಪಾಮಾಕಿ ಆಗುತ್ತವೆ. "ಬೆಜಿತೇರಿಯನ್" ಅನ್ನುವ ಬದಲು "ನಿಕು ತೋ ಸಕಾನಾ ವಾ ತಾಬೆರಾರೆಮಾಸೆನ್", ಅಂದರೆ ಮಾಂಸ, ಮೀನು ತಿನ್ನಲಾರೆವು ಅಂತ ಹೇಳಿ. "ದಾಶಿ ಮೋ ದಮೆ ದೆಸ್" ಅಂತ ಸೇರಿಸಿದರೆ ಪೂರ್ತಿ ಅರ್ಥವಾಗುತ್ತದೆ.

ಮಾಂಸ ತಿನ್ನುವವರೂ ನೋಡಿಕೊಳ್ಳಿ. ಕತ್ಸುದೋನ್ ಹಂದಿ ಮಾಂಸದ್ದು. ಉದೋನ್ ಅಂದರೆ ಗೋಧಿ ಹಿಟ್ಟಿನ ದಪ್ಪ ಶಾವಿಗೆ; ಮಸಾಲೆ ಸಾರಿನಲ್ಲಿ ಬರುವ ಕರ್ರಿ ಉದೋನ್‌ನಲ್ಲಿ ಹಂದಿ ಅಥವಾ ದನದ ಮಾಂಸ ಇರಬಹುದು, ಕೇಳಿಯೇ ತರಿಸಿ. ಓಯಾಕೋದೋನ್ ಅಂದರೆ ಕೋಳಿ, ಮೊಟ್ಟೆ, ಅನ್ನ.

ಮಕ್ಕಳಿಗೆ ಮೊದಲ ಸಲ ಸೋಬಾ ಕೊಡುವಾಗ ಸ್ವಲ್ಪವೇ ಕೊಡಿ. ಬಕ್‌ವೀಟ್ ಅಲರ್ಜಿ ಕೆಲವರಿಗೆ ಜೀವಕ್ಕೇ ಅಪಾಯವಾಗುವಷ್ಟು ಜೋರಾಗಿರುತ್ತದೆ. ಅಂಥ ಮಗು ಮನೆಯಲ್ಲಿದ್ದರೆ ಉದೋನ್ ಇದೆಯಲ್ಲಾ ಅಂತ ಸೋಬಾ ಅಂಗಡಿಗೆ ಹೋಗಬೇಡಿ. ಎರಡನ್ನೂ ಒಂದೇ ನೀರಲ್ಲಿ ಬೇಯಿಸುವ ಕಡೆಗಳಿವೆ. ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಹೋಟೆಲುಗಳ ಒಳಗೆ ಸಿಗರೇಟು ನಿಷೇಧವಿದ್ದರೂ ಕೆಲವು ಹಳೆಯ ಸಣ್ಣ ಅಂಗಡಿಗಳಿಗೆ ವಿನಾಯಿತಿ ಇದೆ. ಸೇದಬಹುದು ಅಂತ ಬಾಗಿಲಲ್ಲಿ ಚೀಟಿ ಅಂಟಿಸಿದ್ದರೆ 20 ತುಂಬದವರನ್ನು ಒಳಗೆ ಬಿಡುವುದಿಲ್ಲ.

ಕೂತ ಮೇಲೆ ಒಬ್ಬೊಬ್ಬರಿಗೆ ಒಂದಾದರೂ ತಿಂಡಿ ಹೇಳುವುದು ಮರ್ಯಾದೆ. ಒಂದು ತಟ್ಟೆ ತರಿಸಿ ನಾಲ್ಕು ಜನ ಹಂಚಿಕೊಳ್ಳಬೇಡಿ, ಪುಟ್ಟ ಮಕ್ಕಳದ್ದು ಬೇರೆ. ಸೊರ್ ಅಂತ ಸದ್ದು ಮಾಡಿ ಸೋಬಾ ಎಳೆದುಕೊಳ್ಳಬಹುದು. ಅನ್ನದಲ್ಲಿ ಊಟದ ಕಡ್ಡಿ (ಚಾಪ್‌ಸ್ಟಿಕ್) ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಇಡುವ ಅನ್ನ ಹಾಗಿರುತ್ತದೆ. ಕೊನೆಗೆ ಪುಟ್ಟ ಪಾತ್ರೆಯಲ್ಲಿ ಬೆಳ್ಳಗಿನ ಬಿಸಿನೀರು ತಂದಿಡುತ್ತಾರೆ. ಅದು ಸೋಬಾ ಬೇಯಿಸಿದ ನೀರು, ಸೋಬಾಯು. ಉಳಿದ ತ್ಸುಯುಗೆ ಬೆರೆಸಿ ಕುಡಿಯುತ್ತಾರೆ. ನಮ್ಮ ಅತ್ತೆಯವರು ಮುಂದಿನ ಸಲ ಬಂದಾಗ ಅದನ್ನು ಬರಿದೇ, ಚಿಟಿಕೆ ಉಪ್ಪು ಹಾಕಿ ಕುಡಿದು "ಗಂಜಿ ತಿಳಿ ಇದ್ದ ಹಾಗಿದೆ" ಅಂತ ಇನ್ನಷ್ಟು ಹಾಕಿಸಿಕೊಂಡರು.

ಊಟ ಮುಗಿದ ಮೇಲೆ ಹರಟುತ್ತಾ ಕೂರಬೇಡಿ, ಬಾಗಿಲಲ್ಲಿ ಜನ ಇರುತ್ತಾರೆ ಅಲ್ವಾ. ಬಿಲ್ಲಿನ ಚೀಟಿಯನ್ನು ನೀವೇ ಕೌಂಟರಿಗೆ ಒಯ್ದು ಕೊಡಿ. ನಗದು ಮಾತ್ರ ತೆಗೆದುಕೊಳ್ಳುವ ಅಂಗಡಿಗಳು ಇನ್ನೂ ಇವೆ. ಟಿಪ್ಸ್ ಇಡಬೇಡಿ, ಮರೆತು ಹೋದಿರಿ ಅಂತ ಬೀದಿವರೆಗೆ ಓಡಿ ಬಂದು ಕೊಟ್ಟಾರು. ಹೊರಡುವಾಗ "ಗೋಚಿಸೋಸಾಮಾ ದೆಶಿತಾ" ಅನ್ನಿ, ಊಟಕ್ಕೆ ಧನ್ಯವಾದ ಹೇಳುವ ಮಾತು ಅದು. ಮಾಂಸ, ಮೀನು, ದಾಶಿ ಬೇಡ ಅಂತ ಜಪಾನಿಯಲ್ಲಿ ಅಚ್ಚು ಹಾಕಿಸಿದ ಕಾರ್ಡು ನಮ್ಮ ಬಳಗದಲ್ಲಿದೆ. ಮನೆಗೆ ಎರಡು ತೆಗೆದುಕೊಳ್ಳಿ, ಒಂದು ಮಕ್ಕಳ ಬ್ಯಾಗಿನಲ್ಲಿರಲಿ.